ಹೊಸ ಲೀಗ್ ಬಂದರೆ ಆಟಗಾರರ ಬದುಕು ಬದಲಾಗುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ದೊಡ್ಡ ಲೀಗ್ ಬರುತ್ತಿದೆ. ಟಿವಿಯಲ್ಲಿ ಪ್ರಸಾರ, ಸೆಲೆಬ್ರಿಟಿ ಮಾಲೀಕರು, ಆಟಗಾರರಿಗೆ ಲಕ್ಷ ಲಕ್ಷ ಸಂಬಳ. ಇಂದೇ ಹೆಸರು ನೋಂದಾಯಿಸಿ." ಬೆಂಗಳೂರಿನ ಯಾವುದೋ ಗ್ರೂಪಿನಲ್ಲಿ ಹುಟ್ಟಿದ ಇಂಥ ಮೆಸೇಜ್ ಗೋವಾ ಗಡಿಯ ಮಾಜಾಳಿ ತಲುಪಲು ನಿಮಿಷ ಸಾಕು. ಮನೆಯಲ್ಲಿ ಚೆನ್ನಾಗಿ ಆಡುವ ಹುಡುಗನಿದ್ದರೆ ಆಸೆ ಹುಟ್ಟುವುದು ಸಹಜ. ಆದರೆ ಟಿವಿ ಮತ್ತು ದೊಡ್ಡ ಹೆಸರುಗಳಿದ್ದರೆ ತಂಡ ಉಳಿಯುತ್ತದೆಯೇ?

ಉಳಿಯುತ್ತದೆ ಎನ್ನಲು ಆಗದು. ಕಾರಣವನ್ನು ನೋಡೋಣ.

ಬೆಂಗಳೂರಿಗೂ ಇತ್ತು ಅಮೆರಿಕನ್ ಫುಟ್‌ಬಾಲ್ ತಂಡ

ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ ಅಮೆರಿಕನ್ ಫುಟ್‌ಬಾಲ್. 2011ರಲ್ಲಿ ಇದಕ್ಕೆಂದೇ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಘೋಷಣೆಯಾಯಿತು. ಹಾಲಿವುಡ್ ನಟ ಮಾರ್ಕ್ ವಾಲ್‌ಬರ್ಗ್, ಅಮೆರಿಕದ ಹೆಸರಾಂತ ಕೋಚ್ ಮೈಕ್ ಡಿಟ್ಕಾ ಇದರ ಬೆನ್ನಿಗಿದ್ದರು. ಬೆಂಗಳೂರು ವಾರ್‌ಹಾಕ್ಸ್ ಎಂಬ ತಂಡವೂ ಹುಟ್ಟಿತು. ಆದರೆ 2012ರ ಮೊದಲ ಸೀಸನ್‌ನ ಪಂದ್ಯಗಳು ನಡೆದದ್ದು ಶ್ರೀಲಂಕಾದ ಕೊಲಂಬೊದಲ್ಲಿ! ಹೆಸರು ಬೆಂಗಳೂರಿನದು, ಮೈದಾನ ಪರದೇಶದ್ದು. ತವರಿನ ಪ್ರೇಕ್ಷಕರೇ ಇಲ್ಲದ ಲೀಗ್ ನಮ್ಮಲ್ಲಿ ಬೇರು ಬಿಡಲಿಲ್ಲ.

ನಮ್ಮದೇ ಆಟವಾದ ಹಾಕಿಯ ಕತೆಯೂ ಹೀಗೇ. 2012ರ ವರ್ಲ್ಡ್ ಸೀರೀಸ್ ಹಾಕಿಯಲ್ಲಿ 8 ತಂಡಗಳಿದ್ದವು. ಅರ್ಜುನ್ ಹಾಲಪ್ಪ ನಾಯಕತ್ವದ ಕರ್ನಾಟಕ ಲಯನ್ಸ್ ಅವುಗಳಲ್ಲೊಂದು. ಈ ಟೂರ್ನಿಗೆ ಅಂತರರಾಷ್ಟ್ರೀಯ ಹಾಕಿ ಫೆಡರೇಶನ್ ಮಾನ್ಯತೆ ಇರಲಿಲ್ಲ. ಎರಡನೇ ಸೀಸನ್ ಮುಂದೂಡಿದರು, ಅದು ನಡೆಯಲೇ ಇಲ್ಲ.

ಅಮೆರಿಕದಲ್ಲೇ ನಿಲ್ಲಲಿಲ್ಲ

ಈ ಆಟದ ತವರಿನಲ್ಲೂ ಚಿಕ್ಕ ಲೀಗ್‌ಗಳ ಆಯಸ್ಸು ಕಡಿಮೆ. 2019ರ ಫೆಬ್ರವರಿಯಲ್ಲಿ 8 ತಂಡಗಳೊಂದಿಗೆ ಶುರುವಾದ ಅಲಯನ್ಸ್ ಆಫ್ ಅಮೆರಿಕನ್ ಫುಟ್‌ಬಾಲ್, ಸೀಸನ್ ಮುಗಿಯುವ ಮೊದಲೇ ಏಪ್ರಿಲ್‌ನಲ್ಲಿ ನಿಂತುಹೋಯಿತು. ಅದೇ ತಿಂಗಳು ದಿವಾಳಿ ಅರ್ಜಿ ಹಾಕಿತು. ಟಿವಿ ಪ್ರಸಾರವೇನೋ ಇತ್ತು. ಆದರೂ ಊರಿಗೆ ಮರಳುವ ಖರ್ಚನ್ನು ಕೆಲವು ಆಟಗಾರರೇ ಭರಿಸಬೇಕಾಯಿತು ಎಂದು ಆಗ ವರದಿಯಾಗಿತ್ತು.

ದುಡ್ಡು ಎಲ್ಲಿ ಸೋರುತ್ತದೆ?

ತಂಡಕ್ಕೆ ಆದಾಯ ಬರುವುದು ಮುಖ್ಯವಾಗಿ ಮೂರು ಕಡೆಯಿಂದ: ಟಿವಿ ಹಕ್ಕು, ಪ್ರಾಯೋಜಕರು, ಟಿಕೆಟ್. ಹೊಸ ಲೀಗ್‌ಗೆ ಟಿವಿಯವರು ಹೆಚ್ಚು ದುಡ್ಡು ಕೊಡುವುದಿಲ್ಲ. ಕೆಲವೊಮ್ಮೆ ಪ್ರಸಾರಕ್ಕಾಗಿ ಲೀಗೇ ಖರ್ಚು ಮಾಡಬೇಕಾಗುತ್ತದೆ. ಆದರೆ ಮೈದಾನದ ಬಾಡಿಗೆ, ಸಂಬಳ, ಪ್ರಯಾಣ, ಊಟ, ವಿಮೆ ಇವೆಲ್ಲ ಮೊದಲ ದಿನದಿಂದಲೇ ಶುರು. ಅಂದರೆ ಆರಂಭದ ಕೆಲವು ವರ್ಷ ನಷ್ಟ ಖಚಿತ. ಅದನ್ನು ತಡೆದುಕೊಳ್ಳುವಷ್ಟು ಬಂಡವಾಳ ಇಲ್ಲದಿದ್ದರೆ ಅಂಗಡಿ ಬಾಗಿಲು ಹಾಕಲೇಬೇಕು. ಐಪಿಎಲ್‌ನಂಥ ಶ್ರೀಮಂತ ಲೀಗ್‌ನಲ್ಲೂ ಬ್ಯಾಂಕ್ ಗ್ಯಾರಂಟಿ ಕೊಡಲಿಲ್ಲವೆಂದು ಕೊಚ್ಚಿ ಟಸ್ಕರ್ಸ್ ತಂಡವನ್ನು ಬಿಸಿಸಿಐ 2011ರಲ್ಲಿ ಒಂದೇ ಸೀಸನ್‌ಗೆ ಕೈಬಿಟ್ಟಿತು.

ಹಾಗಾದರೆ 2014ರಲ್ಲಿ ಶುರುವಾದ ಪ್ರೊ ಕಬಡ್ಡಿ, ನಮ್ಮ ಬೆಂಗಳೂರು ಬುಲ್ಸ್ ಉಳಿದದ್ದು ಹೇಗೆ? ಹಳ್ಳಿ ಹಳ್ಳಿಯಲ್ಲೂ ಜನರಿಗೆ ಆ ಆಟದ ನಿಯಮ ಗೊತ್ತಿತ್ತು. ಜೊತೆಗೆ ಪ್ರಸಾರ ಮಾಡುತ್ತಿದ್ದ ಸ್ಟಾರ್ ಸಂಸ್ಥೆಯೇ ಲೀಗ್‌ನಲ್ಲಿ ಪಾಲು ಕೊಂಡಿತು.

ದುಡ್ಡು ಕಟ್ಟುವ ಮುನ್ನ

• ಲೀಗ್‌ಗೆ ಆ ಆಟದ ರಾಷ್ಟ್ರೀಯ ಫೆಡರೇಶನ್ ಮಾನ್ಯತೆ ಇದೆಯೇ? ಫೆಡರೇಶನ್‌ನ ವೆಬ್‌ಸೈಟಿನಲ್ಲೇ ನೋಡಿ.
• ಆಯ್ಕೆ ಶಿಬಿರದ ಹೆಸರಲ್ಲಿ ಯಾರದೋ ಖಾಸಗಿ ಯುಪಿಐ ನಂಬರಿಗೆ ಹಣ ಹಾಕಬೇಡಿ.
• ಸಂಬಳ, ಗಾಯವಾದರೆ ಚಿಕಿತ್ಸೆಯ ಖರ್ಚು, ಲೀಗ್ ನಿಂತರೆ ಸಿಗುವ ಪರಿಹಾರ, ಎಲ್ಲವೂ ಲಿಖಿತ ಒಪ್ಪಂದದಲ್ಲಿರಲಿ.
• ಒಂದು ಸೀಸನ್ ನಂಬಿ ಓದು, ಕೆಲಸ ಬಿಡಬೇಡಿ.
• ಆನ್‌ಲೈನ್‌ನಲ್ಲಿ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಲೀಗ್‌ಗಳೆಲ್ಲ ಮೋಸ ಎಂದು ನಾವು ಹೇಳುತ್ತಿಲ್ಲ. ಒಳ್ಳೆಯ ಉದ್ದೇಶದಿಂದ ಶುರುವಾದದ್ದೂ ದುಡ್ಡಿಲ್ಲದೆ ಮುಳುಗಬಹುದು. ಆಗ ಮಾಲೀಕರಿಗೆ ಹೋಗುವುದು ಬಂಡವಾಳ, ಆಟಗಾರನಿಗೆ ಹೋಗುವುದು ವಯಸ್ಸು. ಆ ಮೆಸೇಜ್ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, ಜೊತೆಗೆ ಇದನ್ನೂ ಕಳುಹಿಸಿ.