ಹೊಲಿಗೆ ಮಾಗುವವರೆಗಿನ ಊಟ

ತೂಕ ಇಳಿಸಲು ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಎಡಬದಿಯ ಉಬ್ಬಿದ ಭಾಗವನ್ನು, ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಪಾಲನ್ನು, ಉದ್ದಕ್ಕೆ ಕತ್ತರಿಸಿ ಹೊರತೆಗೆಯುತ್ತಾರೆ. ಒಂದರಿಂದ ಒಂದೂವರೆ ಲೀಟರ್ ಹಿಡಿಯುತ್ತಿದ್ದ ಚೀಲ ಹೋಗಿ 100ರಿಂದ 150 ಮಿಲಿಲೀಟರ್ ಹಿಡಿಯುವ, ಬಾಳೆಕಾಯಿಯಂತೆ ಬಾಗಿದ ಕೊಳವೆಯೊಂದು ಉಳಿಯುತ್ತದೆ. ಇನ್ನೊಂದು ಬಗೆ ಗ್ಯಾಸ್ಟ್ರಿಕ್ ಬೈಪಾಸ್; ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ 1966ರಲ್ಲಿ ಶುರು ಮಾಡಿದ ವಿಧಾನ. ಇಂದಿನ ಬೈಪಾಸಿನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲವನ್ನು ಬೇರ್ಪಡಿಸಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ಕತ್ತರಿಸಿದ ಅಂಚನ್ನು ಮುಚ್ಚುವುದು ಒಂದೇ ಯಂತ್ರ, ಸ್ಟೇಪ್ಲರ್. ರೋಗಿಯ ಕೈಗೆ ಕೊಡುವ ಮೊದಲ ಆರು ವಾರಗಳ ಆಹಾರಪಟ್ಟಿಯ ಬಹುಪಾಲು ಆ ಯಂತ್ರ ಎಳೆದ ಗೆರೆಯಿಂದಲೇ ಹುಟ್ಟುತ್ತದೆ. ತೂಕ ಇಳಿಯುವ ಲೆಕ್ಕ ಅಲ್ಲಿ ಎರಡನೆಯದು.

ಶಸ್ತ್ರಚಿಕಿತ್ಸೆಯ ಸ್ಟೇಪ್ಲರಿಗೆ ನೂರು ವರ್ಷ ದಾಟಿದೆ. ಬುಡಾಪೆಸ್ಟಿನ ವೈದ್ಯ ಹ್ಯೂಮರ್ ಹ್ಯೂಲ್ಟ್ಲ್ 1908ರಲ್ಲಿ ಮೊದಲನೆಯದನ್ನು ಬಳಸಿದ. ಅದು ಕಿಲೋಗಟ್ಟಲೆ ತೂಗುತ್ತಿತ್ತು, ಜೋಡಿಸಿ ಸಿದ್ಧಮಾಡುವುದೇ ದೊಡ್ಡ ಕೆಲಸವಾಗಿತ್ತು. ಆದರೆ ಅದರ ಪಿನ್ನು ಮಡಚಿಕೊಳ್ಳುವ ಬಗೆ ಇಂದಿಗೂ ಬದಲಾಗಿಲ್ಲ. ಪಿನ್ನಿನ ಎರಡು ಕಾಲುಗಳೂ ಒಳಕ್ಕೆ ಬಾಗಿ ಇಂಗ್ಲಿಷಿನ ‘ಬಿ’ ಅಕ್ಷರದ ಆಕಾರ ತಾಳುತ್ತವೆ. ಹೀಗೆ ಮಡಚಿದಾಗ ಅಂಚು ಸೋರದಂತೆ ಮುಚ್ಚಿಕೊಳ್ಳುತ್ತದೆ, ಆದರೂ ಪಿನ್ನಿನ ಎರಡು ಕಣ್ಣುಗಳ ಮೂಲಕ ಕೂದಲೆಳೆಯಂಥ ರಕ್ತನಾಳಗಳಿಗೆ ದಾರಿ ಉಳಿಯುತ್ತದೆ. ರಕ್ತ ಹರಿಯದ ಅಂಚು ಮಾಗುವುದಿಲ್ಲ, ಕೊಳೆಯುತ್ತದೆ.

ಇಂದಿನ ಸ್ಟೇಪ್ಲರಿಗೆ ಉದ್ದನೆಯ ಹಿಡಿ, ತುದಿಯಲ್ಲಿ ಮೊಸಳೆ ಬಾಯಿಯಂಥ ಎರಡು ದವಡೆ. ಹೊಟ್ಟೆಯ ಮೇಲಿನ ಸಣ್ಣ ತೂತಿನಿಂದ ಅದನ್ನು ಒಳಗಿಳಿಸುತ್ತಾರೆ. ಒಂದು ದವಡೆಯಲ್ಲಿ ಟೈಟಾನಿಯಂ ಪಿನ್ನುಗಳ ಕಾರ್ಟ್ರಿಜ್ಜು, ಎದುರಿನದರಲ್ಲಿ ಪಿನ್ನುಗಳನ್ನು ಮಡಚುವ ಗುಳಿಗಳು. ಜಠರದ ಗೋಡೆಯನ್ನು ದವಡೆಗಳ ನಡುವೆ ಹಿಡಿದು, ಅದರೊಳಗಿನ ದ್ರವ ಪಕ್ಕಕ್ಕೆ ಸರಿಯಲೆಂದು ಕೆಲವು ಸೆಕೆಂಡು ಕಾದು, ಆಮೇಲೆ ಗುಂಡಿ ಒತ್ತುತ್ತಾರೆ. ಪಿನ್ನುಗಳ ಸಾಲುಗಳು ಕೂರುತ್ತಿದ್ದಂತೆಯೇ ನಡುವೆ ಅಲಗು ಓಡುತ್ತದೆ. ಸಾಮಾನ್ಯವಾಗಿ ಎರಡೂ ಕಡೆ ಮೂರು ಮೂರು ಸಾಲು. ಜಠರದ ಗೋಡೆ ಕೆಳಗೆ ದಪ್ಪ, ಮೇಲೆ ತೆಳು. ಆದ್ದರಿಂದ ಪಿನ್ನಿನ ಎತ್ತರಕ್ಕೆ ತಕ್ಕಂತೆ ಬೇರೆ ಬೇರೆ ಬಣ್ಣದ ಕಾರ್ಟ್ರಿಜ್ಜುಗಳು ಬೇಕು. ಒಂದು ಸ್ಲೀವಿಗೆ ನಾಲ್ಕೈದು ಖರ್ಚಾಗುತ್ತವೆ. ಕೊಳವೆ ತೀರ ಕಿರಿದಾಗದಿರಲೆಂದು ಬಾಯಿಯಿಂದ 12 ಮಿಲಿಮೀಟರಿನಷ್ಟು ದಪ್ಪದ ಒಂದು ನಳಿಕೆಯನ್ನು ಒಳಗಿಳಿಸಿ, ಅದಕ್ಕೆ ಒತ್ತಿಕೊಂಡಂತೆ ಕತ್ತರಿಸುತ್ತಾರೆ.

ಟೈಟಾನಿಯಂ ಪಿನ್ನು ಆಯುಷ್ಯಪೂರ್ತಿ ಒಳಗೇ ಉಳಿಯುತ್ತದೆ. ಆದರೆ ಅಂಚುಗಳನ್ನು ನಿಜವಾಗಿ ಬೆಸೆಯುವುದು ದೇಹವೇ, ಮತ್ತು ಆ ಕೆಲಸಕ್ಕೆ ಅದರದೇ ಆದ ಕಾಲವಿದೆ. ಮೊದಲ ಮೂರು ನಾಲ್ಕು ದಿನ ಗಾಯದ ಅಂಚಿನಲ್ಲಿ ಉರಿಯೂತ. ಹಳೆಯ ಕೊಲಾಜನ್ ಕರಗುತ್ತಿರುತ್ತದೆ, ಹೊಸದು ಇನ್ನೂ ಬಂದಿರುವುದಿಲ್ಲ. ಆ ದಿನಗಳಲ್ಲಿ ಭಾರವನ್ನೆಲ್ಲ ಹೊರುವುದು ಪಿನ್ನುಗಳು ಮಾತ್ರ. ವಾರ ತುಂಬುವ ಹೊತ್ತಿಗೆ ಹೊಸ ಕೊಲಾಜನ್ ನೇಯ್ಗೆ ವೇಗ ಪಡೆಯುತ್ತದೆ, ಎರಡು ವಾರಕ್ಕೆ ಅಂಚು ತಕ್ಕಮಟ್ಟಿಗೆ ಗಟ್ಟಿಯಾಗುತ್ತದೆ, ಪೂರ್ತಿ ಹದಗೊಳ್ಳಲು ತಿಂಗಳುಗಳೇ ಬೇಕು. ಹೊರಗಿನ ತೂತುಗಳ ಗಾಯ ಹತ್ತು ದಿನಕ್ಕೆ ಒಣಗಿ ರೋಗಿ ಓಡಾಡತೊಡಗಿದಾಗ ಒಳಗೂ ಅಷ್ಟೇ ವಾಸಿಯಾಗಿದೆ ಎಂದುಕೊಳ್ಳುವುದು ಸಹಜ. ಪಟ್ಟಿ ಮುರಿಯುವುದು ಹೆಚ್ಚಾಗಿ ಆಗಲೇ.

ಒಳಗಿನ ಒತ್ತಡವೂ ಮೊದಲಿನಂತಿರುವುದಿಲ್ಲ. ಸಹಜ ಜಠರದ ಮೇಲ್ಭಾಗ, ತುತ್ತು ಬಿದ್ದಂತೆಲ್ಲ ಸಡಿಲಗೊಂಡು ಜಾಗ ಮಾಡಿಕೊಡುತ್ತದೆ. ಸ್ಲೀವಿನಲ್ಲಿ ಕತ್ತರಿಸಿ ತೆಗೆಯುವುದು ಅದೇ ಭಾಗವನ್ನು. ಉಳಿದ ಕೊಳವೆ ಅಷ್ಟು ಸುಲಭಕ್ಕೆ ಹಿಗ್ಗದು. ಕೆಳತುದಿಯ ಬಾಗಿಲು ಎಂದಿನಂತೆ ತನ್ನ ನಿಧಾನದಲ್ಲೇ ತೆರೆಯುತ್ತದೆ. ಹೀಗಾಗಿ ಅವಸರದ ನಾಲ್ಕು ತುತ್ತು ಸಾಕು, ಒತ್ತಡ ಏರಿ ಅನ್ನನಾಳ ಸೇರುವ ಮೇಲಿನ ಮೂಲೆಯನ್ನು ತಳ್ಳುತ್ತದೆ. ಸೋರಿಕೆ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಅಲ್ಲೇ. ನುರಿತ ಕೇಂದ್ರಗಳಲ್ಲಿ ಅದು ನೂರಕ್ಕೆ ಒಬ್ಬಿಬ್ಬರಿಗಿಂತ ಹೆಚ್ಚು ಜನರಿಗೆ ಆಗುವುದಿಲ್ಲ. ಆದರೆ ಆದವರಿಗೆ ವಾರಗಟ್ಟಲೆ ಆಸ್ಪತ್ರೆವಾಸ. ಸೋರಿಕೆಗೆ ಊಟವೊಂದೇ ಕಾರಣ ಎನ್ನುವಂತಿಲ್ಲ. ಅಂಚಿಗೆ ರಕ್ತ ಸಾಲದಿರುವುದು, ಪಿನ್ನಿನ ಅಳತೆ ತಪ್ಪುವುದು ದೊಡ್ಡ ಕಾರಣಗಳು. ಅವು ರೋಗಿಯ ಕೈಯಲ್ಲಿಲ್ಲ. ತುತ್ತು ಅವರ ಕೈಯಲ್ಲಿದೆ.

ಮೊದಲ ಒಂದೆರಡು ದಿನ ತಿಳಿದ್ರವ ಮಾತ್ರ: ನೀರು, ಎಳನೀರು, ಸೋಸಿದ ಖಾರವಿಲ್ಲದ ತಿಳಿಸಾರು. ಕೊಳವೆಯ ಒಳಪದರ ಊದಿಕೊಂಡಿರುವುದರಿಂದ ನೀರು ಕೂಡ ನಿಧಾನವಾಗಿ ಇಳಿಯುತ್ತದೆ. ಕಾಲು ಗಂಟೆಗೆ 30 ಮಿಲಿಲೀಟರಿನಂತೆ ಗುಟುಕರಿಸಿದರೆ ಗಂಟೆಗೆ 120, ಎಚ್ಚರವಿರುವ 14 ಗಂಟೆಗೆ 1,680 ಮಿಲಿಲೀಟರ್. ದಿನಕ್ಕೆ ಒಂದೂವರೆ ಲೀಟರ್ ಕುಡಿಯಬೇಕೆಂಬ ಸೂಚನೆ ಪೂರೈಸಲು ಇದಕ್ಕಿಂತ ಬೇರೆ ಉಪಾಯವಿಲ್ಲ. ಗಟಗಟ ಕುಡಿಯುವ ಅಭ್ಯಾಸವಂತೂ ಅಲ್ಲಿಗೆ ಮುಗಿಯಿತು. ಆಮೇಲೆ ಎರಡು ವಾರ ತುಂಬುವವರೆಗೆ ಹಾಲು, ಮಜ್ಜಿಗೆ, ಪ್ರೋಟೀನ್ ಪುಡಿ ಕದಡಿದ ದ್ರವ, ತೆಳು ಗಂಜಿ. ಮೂರು ಮತ್ತು ನಾಲ್ಕನೆಯ ವಾರ ನುಣ್ಣಗೆ ರುಬ್ಬಿದ ಆಹಾರ. ಐದು, ಆರನೆಯ ವಾರ ಬೆರಳಲ್ಲಿ ಹಿಸುಕಿದರೆ ಮೆತ್ತಗಾಗುವಂಥದ್ದು. ಗಟ್ಟಿ ಊಟ ಅದಾದ ಮೇಲೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ದಿನಗಳು ತುಸು ಹಿಂದುಮುಂದಾಗುತ್ತವೆ. ಪಕ್ಕದ ಮನೆಯವರ ಪಟ್ಟಿಗಿಂತ ಶಸ್ತ್ರಚಿಕಿತ್ಸೆ ಮಾಡಿದ ತಂಡ ಕೊಟ್ಟ ಪಟ್ಟಿಯೇ ಲೆಕ್ಕಕ್ಕೆ.

ಈ ಪಟ್ಟಿ ಬೆಂಗಳೂರಿನ ಪಕ್ಕದ ದೇವನಹಳ್ಳಿ ಸೀಮೆಯ ಅಡುಗೆಮನೆಗೆ ಬಂದಾಗ ಮೊದಲು ಎದುರಾಗುವುದು ಮುದ್ದೆ. ಬಯಲುಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಉಂಡೆ ಮಾಡಿ, ಬಸ್ಸಾರಿನಲ್ಲೋ ಉಪ್ಸಾರಿನಲ್ಲೋ ಅದ್ದಿ ನುಂಗುತ್ತಾರೆ. ಸಹಜ ಜಠರ ಅದನ್ನು ಕಲಸಿ ಕರಗಿಸಿಕೊಳ್ಳುತ್ತದೆ. ಸ್ಲೀವಿನಲ್ಲಿ ಹಾಗೆ ಕಲಸಲು ಜಾಗವಿಲ್ಲ. ನೆಲ್ಲಿಕಾಯಿ ಗಾತ್ರದ ಅಂಟು ತುತ್ತು ಹನ್ನೆರಡು ಮಿಲಿಮೀಟರಿನ ನಳಿಕೆಯ ಅಳತೆಗೆ ಕತ್ತರಿಸಿದ ಕೊಳವೆಯ ಮೇಲ್ತುದಿಯಲ್ಲೇ ಕುಳಿತುಬಿಡಬಹುದು. ಎದೆಯ ನಡುವೆ ಹಿಂಡಿದಂತಾಗುವುದು, ಬಾಯಲ್ಲಿ ನೀರೂರುವುದು, ನೊರೆ ನೊರೆಯಾಗಿ ವಾಂತಿಯಾಗುವುದು ಅದರ ಲಕ್ಷಣ. ಹಾಗೆಂದು ರಾಗಿಯನ್ನೇ ದೂರವಿಡಬೇಕಿಲ್ಲ. ಸೋಸಿದ ತೆಳು ಅಂಬಲಿ ದ್ರವದ ಹಂತಕ್ಕೆ ಹೊಂದುತ್ತದೆ. ಮೊಳಕೆ ಕಟ್ಟಿ, ಒಣಗಿಸಿ ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟಿನಿಂದ ಕೂಸಿಗೆ ಮಾಡುವ ರಾಗಿ ಸರಿ ಮೂರನೆಯ ವಾರಕ್ಕೆಂದೇ ಮಾಡಿಟ್ಟಂತಿದೆ. ಹಿಟ್ಟು ಬೇರೆಯಲ್ಲ, ಹದ ಮಾತ್ರ ಬೇರೆ.

ರಾಗಿ, ಬೇಳೆಕಟ್ಟು, ಗಂಜಿ ಹೊಟ್ಟೆಗೆ ಹಿತ. ಕೊರತೆ ಪ್ರೋಟೀನಿನದು. ಗಾಯ ಮಾಗಲು, ಮಾಂಸಖಂಡ ಕರಗದಿರಲು ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂಬುದು ಸಾಮಾನ್ಯ ಸೂಚನೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವುದು ಸುಮಾರು 7 ಗ್ರಾಂ. ರಾಗಿಯೊಂದರಿಂದಲೇ 60 ಗ್ರಾಂ ಪಡೆಯಲು 850 ಗ್ರಾಂ ಹಿಟ್ಟು ಬೇಕು. ಬೇಳೆ ಬಸಿದ ಕಟ್ಟಿನಲ್ಲಿ ಉಪ್ಪು, ರುಚಿ ಇಳಿದಿರುತ್ತದೆ, ಪ್ರೋಟೀನಿನ ಬಹುಭಾಗ ಬೇಳೆಯಲ್ಲೇ ಉಳಿದಿರುತ್ತದೆ. ನೀಲಿ ಪ್ಯಾಕೆಟ್ಟಿನ ನಂದಿನಿ ಹಾಲಿನಲ್ಲಿ 100 ಮಿಲಿಲೀಟರಿಗೆ ಹತ್ತಿರ ಹತ್ತಿರ 3 ಗ್ರಾಂ. ಅದೊಂದನ್ನೇ ನಂಬಿದರೆ ಎರಡು ಲೀಟರ್. ಪ್ರೋಟೀನ್ ಪುಡಿಯ ಡಬ್ಬಿ ಅಂಗಡಿಯವರ ಮಾರಾಟದ ತಂತ್ರವೆಂದು ಹಿರಿಯರು ಗೊಣಗುವುದುಂಟು, ಆದರೆ ಈ ಆರು ವಾರಗಳಲ್ಲಿ ಅದಕ್ಕೆ ನಿಜವಾದ ಕೆಲಸವಿದೆ: ಒಂದು ಅಳತೆ ಚಮಚದಲ್ಲಿ 20ರಿಂದ 25 ಗ್ರಾಂ. ಹಾಲಿಗೆ ಕೆನೆರಹಿತ ಹಾಲಿನ ಪುಡಿ ಕದಡುವುದು ಅಗ್ಗದ ದಾರಿ. ರುಬ್ಬುವ ಹಂತ ಬಂದ ಮೇಲೆ ಹೆಸರುಬೇಳೆ ತೊವ್ವೆ, ಮೆತ್ತಗಿನ ಮೊಟ್ಟೆ, ಕಡೆದ ಮೊಸರು, ಸಿಪ್ಪೆ ಉಳಿಯದಂತೆ ರುಬ್ಬಿ ಸೋಸಿದ ಹುರುಳಿಕಾಳಿನ ಸಾರು ಸೇರಿಕೊಳ್ಳುತ್ತವೆ.

ದೇವನಹಳ್ಳಿಯ ಹೆಸರು ಹೊತ್ತ ಹಣ್ಣು ಚಕ್ಕೋತ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ತಳಿ. ಶಸ್ತ್ರಚಿಕಿತ್ಸೆಯಾದವರ ಮಟ್ಟಿಗೆ ಅದರಲ್ಲಿ ಎರಡು ತೊಡಕುಗಳಿವೆ. ತೊಳೆಯ ಸುತ್ತಲಿನ ಬಿಳಿಪೊರೆ ಜೀರ್ಣವಾಗದ ನಾರು. ಆಮ್ಲವೂ ಅರೆಯುವ ಬಲವೂ ಕುಗ್ಗಿದ ಜಠರದಲ್ಲಿ ಇಂಥ ನಾರು ಉಂಡೆಗಟ್ಟಿ ದಾರಿ ಮುಚ್ಚಿದ ಪ್ರಕರಣಗಳು ಬೈಪಾಸ್ ಆದವರಲ್ಲಿ ವರದಿಯಾಗಿವೆ. ಎರಡನೆಯದು ಔಷಧದ ಸಂಗತಿ. ದ್ರಾಕ್ಷಿಹಣ್ಣಿಗೆ ಸಂಬಂಧವೇ ಇಲ್ಲದ ಗ್ರೇಪ್‌ಫ್ರೂಟ್ ಹುಟ್ಟಿದ್ದು ಚಕ್ಕೋತ ಮತ್ತು ಕಿತ್ತಳೆಯ ಕೂಡಿಕೆಯಿಂದ. ಕೆಲವು ಔಷಧಗಳನ್ನು ಒಡೆಯುವ ಕರುಳಿನ ಕಿಣ್ವವೊಂದನ್ನು ತಡೆಯುವ ಗುಣ ಚಕ್ಕೋತ, ಗ್ರೇಪ್‌ಫ್ರೂಟ್ ಎರಡರಲ್ಲೂ ಇದೆ. ಕೊಲೆಸ್ಟರಾಲಿನ ಅಟೋರ್ವಾಸ್ಟಾಟಿನ್, ರಕ್ತದೊತ್ತಡದ ಕೆಲವು ಮಾತ್ರೆ ಇವುಗಳ ಮಟ್ಟ ರಕ್ತದಲ್ಲಿ ಏರಬಹುದು. ಹೊಸ ಊಟಕ್ಕೆ ತಕ್ಕಂತೆ ಮಾತ್ರೆಗಳ ಪ್ರಮಾಣವೇ ಬದಲಾಗುತ್ತಿರುವ ವಾರಗಳಲ್ಲಿ ಈ ಗೋಜಲು ಬೇಡ. ಬೆಂಗಳೂರು ನೀಲಿ ದ್ರಾಕ್ಷಿಗೂ ಸಿಪ್ಪೆ, ಬೀಜ ಇರುವುದರಿಂದ ಸರದಿ ಬರುವುದು ಎರಡು ತಿಂಗಳ ಮೇಲೆ.

ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ಮತ್ತು ಸಂಗಡಿಗರು ಗುರುತಿಸಿದರು. ಅದು ಹೆಚ್ಚಾಗಿ ಸ್ರವಿಸುವುದು ಸ್ಲೀವಿನಲ್ಲಿ ತೆಗೆದುಹಾಕುವ ಭಾಗದಲ್ಲೇ. ಆದ್ದರಿಂದ ಮೊದಲ ವಾರಗಳಲ್ಲಿ ಹೊಟ್ಟೆ ಹಸಿಯುವುದು ಕಡಿಮೆ. ಬಾಯಿ ಹಸಿಯುತ್ತದೆ. ಒಗ್ಗರಣೆಯ ಘಮ, ಹಬ್ಬದ ಒಬ್ಬಟ್ಟು, ಬೀಗರ ಮನೆಯ ‘ಒಂದೇ ತುತ್ತು’ ಎಂಬ ಒತ್ತಾಯ ಇವೆಲ್ಲ ಹಾರ್ಮೋನಿನ ಲೆಕ್ಕಕ್ಕೆ ಬರುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ವಿಷಯ ಹೇಳದೆ ಗುಟ್ಟಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಪಂಕ್ತಿಯಲ್ಲಿ ಎಲೆ ಬಿಟ್ಟೇಳುವುದು ಇನ್ನೂ ಕಷ್ಟ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಪಾಳಿ ಕೆಲಸ ಹೆಚ್ಚಿದ ಈ ಭಾಗದಲ್ಲಿ, ಎರಡು ವಾರದ ರಜೆ ಮುಗಿಸಿ ರಾತ್ರಿ ಪಾಳಿಗೆ ಮರಳಿದವರು ಗುಟುಕಿನ ಬಾಟಲಿ ಮರೆತು ಕ್ಯಾಂಟೀನಿನ ಕಾಫಿ, ಬಿಸ್ಕತ್ತಿಗೆ ಜಾರುವುದು ಸುಲಭ. ಅದ್ದಿದ ಬಿಸ್ಕತ್ತು ಹೊಲಿಗೆಗೆ ನೋವು ಮಾಡದು. ಕರಗಿ ಸಲೀಸಾಗಿ ಇಳಿಯುತ್ತದೆ, ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ, ಪ್ರೋಟೀನ್ ಕುಡಿಯಬೇಕಾದ ಜಾಗವನ್ನು ಸಕ್ಕರೆ ಕಬಳಿಸುತ್ತದೆ. ಬೈಪಾಸ್ ಆದವರಲ್ಲಿ ಪಾಯಸದಂಥ ಸಿಹಿ ನೇರ ಕರುಳಿಗೆ ಬಿದ್ದು ಬೆವರು, ಎದೆಬಡಿತ, ಭೇದಿ ತರಬಹುದು. ಅದಕ್ಕೆ ಡಂಪಿಂಗ್ ಎನ್ನುತ್ತಾರೆ.

ಮೂರನೆಯ ವಾರದ ಹೊತ್ತಿಗೆ ತಕ್ಕಡಿಯ ಮುಳ್ಳು ಹಲವರಲ್ಲಿ ನಿಂತುಬಿಡುತ್ತದೆ. ಮೊದಲು ಇಳಿದ ತೂಕದಲ್ಲಿ ದೊಡ್ಡ ಪಾಲು ನೀರು: ಯಕೃತ್ತು, ಸ್ನಾಯುಗಳಲ್ಲಿ ಶೇಖರವಾದ ಪ್ರತಿ ಗ್ರಾಂ ಗ್ಲೈಕೊಜನ್ ಸುಮಾರು 3 ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತದೆ, ಅದು ಖಾಲಿಯಾದಾಗ ನೀರೂ ಹೋಗುತ್ತದೆ. ಆ ಸಮತೋಲ ಮರಳಿ ಹೊಂದಿಕೊಳ್ಳುವಾಗ ಕೊಬ್ಬು ಕರಗುತ್ತಿದ್ದರೂ ಮುಳ್ಳು ಅಲುಗಾಡದು. ‘ಇಷ್ಟು ಮಾಡಿಯೂ ಇಳಿಯಲಿಲ್ಲ’ ಎಂದು ಕೆಲವರು ಗಂಜಿಯನ್ನೂ ಬಿಡುತ್ತಾರೆ, ಕೆಲವರು ಪಟ್ಟಿಯನ್ನೇ ಬಿಡುತ್ತಾರೆ. ಎರಡೂ ಅಪಾಯ, ಮೊದಲನೆಯದು ಹೆಚ್ಚು. ಸರಿಯಾಗಿ ಉಣ್ಣದೆ ಮೇಲಿಂದ ಮೇಲೆ ವಾಂತಿಯೂ ಆಗುತ್ತಿದ್ದರೆ ದೇಹದ ಥಯಮಿನ್, ಅಂದರೆ ಬಿ1 ಜೀವಸತ್ವ, ಕೆಲವೇ ವಾರಗಳಲ್ಲಿ ಬರಿದಾಗಿ ನಡಿಗೆ ತೂರಾಡುವುದು, ನೋಟ ಎರಡಾಗುವುದು, ಬುದ್ಧಿ ಮಂಕಾಗುವುದು ಶುರುವಾಗಬಹುದು. ಇದಕ್ಕೆ ತಡಮಾಡದೆ ಇಂಜೆಕ್ಷನ್ ಬೇಕು. ಥಯಮಿನ್ ಕೊಡುವ ಮೊದಲು ಬರೀ ಗ್ಲೂಕೋಸ್ ಏರಿಸಿದರೆ ಸ್ಥಿತಿ ಬಿಗಡಾಯಿಸುತ್ತದೆ. ಶಸ್ತ್ರಚಿಕಿತ್ಸೆಯ ಸಂಗತಿಯನ್ನು ಊರಿನ ಡಾಕ್ಟರಿಗೂ ಹೇಳಿರಬೇಕಾದುದು ಈ ಕಾರಣಕ್ಕೆ.

ನಾಡಿ ನಿಮಿಷಕ್ಕೆ 120 ದಾಟುವುದು, ಜ್ವರ, ಏರುತ್ತಲೇ ಇರುವ ಹೊಟ್ಟೆನೋವು, ಎಡ ಭುಜದ ನೋವು, ಉಸಿರು ಸಾಲದಿರುವುದು ಸೋರಿಕೆಯ ಸೂಚನೆಗಳಾಗಿರಬಹುದು. ಆಗ ಓಮದ ಕಷಾಯ ಕುಡಿದು ಬೆಳಗಾಗಲೆಂದು ಕಾಯದೆ ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಗೇ ಹೋಗಬೇಕು. ಮಂಡಿನೋವಿಗೆ ಮೆಡಿಕಲ್ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಹೊಸ ಜೋಡಣೆಯಲ್ಲಿ ಹುಣ್ಣು ತರುತ್ತವೆ, ಬೀಡಿ ಸಿಗರೇಟೂ ಹಾಗೆಯೇ. ತೂಕ ವೇಗವಾಗಿ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲುಗಟ್ಟುವುದನ್ನು ತಡೆಯಲು ಅನೇಕರಿಗೆ ಆರು ತಿಂಗಳು ಅರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ.

ಆರೆಂಟು ವಾರಕ್ಕೆ ಗಟ್ಟಿ ಊಟ ಮರಳುತ್ತದೆ. ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ಪಲ್ಯ, ಕೊನೆಗೆ ಅನ್ನವೋ ಮುದ್ದೆಯೋ. ಊಟಕ್ಕೂ ನೀರಿಗೂ ಅರ್ಧ ಗಂಟೆಯ ಅಂತರ. ಸಣ್ಣ ತುತ್ತು ನೀರಾಗುವವರೆಗೆ ಅಗಿಯಬೇಕು, ಮುದ್ದೆಯನ್ನೂ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳು ಆರು ವಾರದ ಪಟ್ಟಿಯೊಂದಿಗೆ ಮುಗಿಯುವುದಿಲ್ಲ. ಅವು ಜೀವನಪೂರ್ತಿ, ಮತ್ತು ಅವುಗಳ ಮಟ್ಟ ತಿಳಿಯಲು ಮೊದಲ ವರ್ಷ ಕೆಲವು ಬಾರಿ, ಆಮೇಲೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ.