ಕೆಂಪು ಸಮುದ್ರದ ದಡದಲ್ಲಿ ರ‍್ಯಾಲಿಯ ಬಿಡಾರ

ಸೌದಿ ಅರೇಬಿಯಾದ ಪಶ್ಚಿಮ ಕರಾವಳಿಯಲ್ಲಿ ಜಿದ್ದಾದಿಂದ ಉತ್ತರಕ್ಕೆ ಮುನ್ನೂರು ಚಿಲ್ಲರೆ ಕಿ.ಮೀ. ಹೋದರೆ ಯಾನ್ಬು ಸಿಗುತ್ತದೆ. ವರ್ಷದ ಹೆಚ್ಚಿನ ದಿನಗಳಲ್ಲಿ ಇದು ಎಣ್ಣೆಯ ಊರು. ದೇಶದ ಪೂರ್ವ ತುದಿಯ ತೈಲಬಾವಿಗಳಿಂದ ಮರುಭೂಮಿಯನ್ನು ಹಾದು ಬರುವ ಕೊಳವೆ ಮಾರ್ಗ ಮುಗಿಯುವುದು ಇಲ್ಲಿನ ಬಂದರಿನಲ್ಲಿ. ಒಂದು ಬದಿಯಲ್ಲಿ ರಿಫೈನರಿಗಳ ಉದ್ದನೆಯ ಚಿಮಣಿಗಳು. ಇನ್ನೊಂದು ಬದಿಯಲ್ಲಿ ಹವಳದ ಕಲ್ಲಿನ ಗೋಡೆ, ಮರದ ಜಾಲರಿ ಕಿಟಕಿಗಳ ಹಳೆಯ ಯಾನ್ಬು. ಮದೀನಾಕ್ಕೆ ಹೋಗುವ ಯಾತ್ರಿಕರೂ ಸರಕೂ ಶತಮಾನಗಳ ಕಾಲ ಇಳಿದದ್ದು ಈ ದಡದಲ್ಲೇ.

ಕೆಲವು ವರ್ಷಗಳಿಂದ ಈ ಊರಿಗೆ ಇನ್ನೊಂದು ಗುರುತೂ ಅಂಟಿಕೊಂಡಿದೆ. ಜಗತ್ತಿನ ಅತ್ಯಂತ ಕಠಿಣ ಮರುಭೂಮಿ ಓಟವೆನಿಸಿದ ಡಕಾರ್ ರ‍್ಯಾಲಿ 2022ರ ಡಿಸೆಂಬರ್ 31ರಂದು ಇಲ್ಲಿಗೆ ಸಮೀಪದ ಕಡಲ ದಂಡೆಯಿಂದ ಹೊರಟಿತು. ಅದಕ್ಕಾಗಿ ಅಲ್ಲಿನ ಬಯಲಿನಲ್ಲಿ ಎದ್ದ ಬಿಡಾರಕ್ಕೆ ‘ಸೀ ಕ್ಯಾಂಪ್’ ಎಂದು ಹೆಸರಿಟ್ಟಿದ್ದರು. 2024ರ ಓಟ ಮುಗಿದದ್ದು ಯಾನ್ಬುವಿನಲ್ಲಿ. 2026ರಲ್ಲಂತೂ ಶುರುವಾದದ್ದೂ ಇಲ್ಲೇ, ಮುಗಿದದ್ದೂ ಇಲ್ಲೇ.

ಆಫ್ರಿಕಾದ ಡಕಾರ್ ನಗರಕ್ಕೂ ಅರೇಬಿಯಾಕ್ಕೂ ಏನು ಸಂಬಂಧ? 1977ರಲ್ಲಿ ಓಟವೊಂದರಲ್ಲಿ ಬೈಕ್ ಓಡಿಸುತ್ತ ಮರುಭೂಮಿಯ ನಡುವೆ ದಾರಿ ತಪ್ಪಿ, ಸಾವಿನ ದವಡೆಯಿಂದ ಪಾರಾದ ಫ್ರಾನ್ಸಿನ ತಿಯೆರಿ ಸಬೀನ್, ಆ ಮರಳನ್ನು ಬಿಟ್ಟಿರಲಾರದೆ ಮರುವರ್ಷವೇ ಪ್ಯಾರಿಸ್‌ನಿಂದ ಡಕಾರ್‌ಗೆ ಓಟ ಏರ್ಪಡಿಸಿದರು. 1978ರ ಡಿಸೆಂಬರ್ 26ರಂದು ಅದು ಹೊರಟಿತು. 2008ರಲ್ಲಿ ಉಗ್ರರ ಬೆದರಿಕೆಯಿಂದ ಓಟ ರದ್ದಾಯಿತು. ಮುಂದೆ 2009ರಿಂದ ದಕ್ಷಿಣ ಅಮೆರಿಕ, 2020ರಿಂದ ಸೌದಿ. ಊರು ಬದಲಾದರೂ ಹೆಸರು ಉಳಿದುಕೊಂಡಿತು.

ಓಟಕ್ಕೆ ಮುಂಚಿನ ಒಂದೆರಡು ದಿನಗಳಲ್ಲಿ ಡಕಾರ್‌ನ ಬಿಡಾರವನ್ನು ನೋಡಬೇಕು. ಇದನ್ನು ಬಿವೊವಾಕ್ ಎನ್ನುತ್ತಾರೆ. ಸಾವಿರಾರು ಜನ ಉಂಡು ಮಲಗುವ, ಜನರೇಟರ್‌ಗಳ ಸದ್ದು ರಾತ್ರಿಯೂ ನಿಲ್ಲದ ತಾತ್ಕಾಲಿಕ ಪಟ್ಟಣ. ಊಟದ ದೊಡ್ಡ ಡೇರೆ, ಆಸ್ಪತ್ರೆ, ಟೈರ್ ಕಂಪನಿಗಳ ಗಾಡಿಗಳು, ಸಾಲು ಸಾಲು ಲಾರಿಗಳು. ನಮ್ಮ ಯಕ್ಷಗಾನ ಮೇಳಗಳಂತೆ ಇವತ್ತು ಇಲ್ಲಿ ರಂಗಸ್ಥಳ, ನಾಳೆ ಮುನ್ನೂರು ಮೈಲಿ ಆಚೆ. ಎರಡು ವಾರದಲ್ಲಿ ಸವಾರರು ಕ್ರಮಿಸುವುದು ಸುಮಾರು ಎಂಟು ಸಾವಿರ ಕಿ.ಮೀ. ಅದರಲ್ಲಿ ಹೆಚ್ಚುಕಡಿಮೆ ಐದು ಸಾವಿರ ಕಿ.ಮೀ. ಗಡಿಯಾರದ ವಿರುದ್ಧದ ಓಟ. ಉಳಿದದ್ದು ಸಾಮಾನ್ಯ ರಸ್ತೆಯಲ್ಲಿ ಪಯಣ. ಗೆಲುವು ಯಾರದೆಂಬುದು ದಿಬ್ಬಗಳಲ್ಲಿ ತೀರ್ಮಾನವಾಗುತ್ತದೆ, ನಿಜ. ಆದರೆ ಯಾರು ಕೊನೆ ಮುಟ್ಟುತ್ತಾರೆ ಎಂಬುದರ ಬಹುಪಾಲು ಇಲ್ಲಿ, ಟಾರ್ಪಾಲಿನ ಮೇಲೆ ಕೂತ ಮೆಕ್ಯಾನಿಕ್‌ಗಳ ಕೈಯಲ್ಲೇ ನಿರ್ಧಾರವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಚಕ್ರವನ್ನೇ ತೆಗೆದುಕೊಳ್ಳಿ. ಡಕಾರ್ ಬೈಕಿನ ಟೈರಿನೊಳಗೆ ಗಾಳಿ ಇರುವುದಿಲ್ಲ. ಟ್ಯೂಬಿನ ಜಾಗದಲ್ಲಿ ‘ಮೂಸ್’ ಎಂಬ ದಪ್ಪ ಫೋಮಿನ ಬಳೆ ಇರುತ್ತದೆ. ಮುಳ್ಳು ಚುಚ್ಚಿದರೂ ಚೂಪುಗಲ್ಲು ಹೊಡೆದರೂ ಪಂಕ್ಚರ್ ಆಗದಿರಲಿ ಎಂದು ಈ ಏರ್ಪಾಡು. ಅದನ್ನು ಕೂರಿಸುವುದು ಮಾತ್ರ ಸುಲಭವಲ್ಲ. ಮೆಕ್ಯಾನಿಕ್ ಮೊದಲು ಟೈರಿನ ಒಳಗೆಲ್ಲ ಅಂಟಂಟಾದ ಜೆಲ್ ಬಳಿಯುತ್ತಾನೆ. ಮೂಸನ್ನು ಒಳಗೆ ತುರುಕಿ, ರಿಮ್ಮನ್ನು ಓರೆಯಾಗಿ ಇಳಿಸಿ, ಟೈರಿನ ಒಂದು ಬದಿಯನ್ನು ಎರಡೂ ಮೊಣಕಾಲಿನಿಂದ ಅದುಮಿ ಹಿಡಿಯುತ್ತಾನೆ. ಆಮೇಲೆ ಟೈರ್ ಲಿವರ್‌ನಿಂದ ಅಂಚನ್ನು ಬೆರಳಗಲ ಬೆರಳಗಲವಾಗಿ ರಿಮ್ಮಿನೊಳಗೆ ದಾಟಿಸಬೇಕು. ಅವಸರ ಮಾಡಿದರೆ ಹಿಂದೆ ದಾಟಿಸಿದ್ದು ಮತ್ತೆ ಹೊರಬರುತ್ತದೆ. ಜೆಲ್ ಕಡಿಮೆಯಾದರೆ ಒಳಗಿನ ತಿಕ್ಕಾಟಕ್ಕೆ ಮೂಸ್ ಕಾದು ಚೂರು ಚೂರಾಗುತ್ತದೆ. ಮರಳಿನ ನಡುವೆ ಸವಾರನ ಕೆಳಗೆ ಬರೀ ಖಾಲಿ ಟೈರ್ ಉಳಿಯುತ್ತದೆ. 2021ರಲ್ಲಿ ಇಡೀ ಓಟಕ್ಕೆ ಹಿಂದಿನ ಟೈರ್ ಆರೇ ಆರು ಎಂಬ ಮಿತಿಯೂ ಬಂತು. ಆದ್ದರಿಂದ ಒಂದೊಂದು ಟೈರನ್ನೂ ಲೆಕ್ಕ ಹಾಕಿಯೇ ಖರ್ಚು ಮಾಡಬೇಕು.

ಗಾಳಿಯ ಫಿಲ್ಟರ್‌ದೂ ಇಂಥದೇ ಕಥೆ. ಹಿಟ್ಟಿನಷ್ಟು ನುಣುಪಾದ ಧೂಳು ಇಂಜಿನ್ನಿನೊಳಗೆ ಹೋದರೆ ಅಲ್ಲಿಗೆ ಮುಗಿಯಿತು. ಎಣ್ಣೆಯಲ್ಲಿ ಅದ್ದಿ ಹಿಂಡಿದ ಫೋಮ್ ಫಿಲ್ಟರ್‌ಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಜೋಡಿಸಿಡುತ್ತಾರೆ. ಕ್ಲಚ್ ಪ್ಲೇಟು, ಚೈನು, ಸ್ಪ್ರಾಕೆಟ್ಟು, ಹ್ಯಾಂಡಲ್‌ಬಾರ್ ಎಲ್ಲಕ್ಕೂ ಜೋಡಿ ತಯಾರು.

ತಾಂತ್ರಿಕ ತಪಾಸಣೆ ಇನ್ನೊಂದು ಘಟ್ಟ. ಅಧಿಕಾರಿಗಳು ಬೈಕಿನ ಇಂಜಿನ್ 450 ಸಿಸಿ ಮಿತಿಯೊಳಗಿದೆಯೇ ಎಂದು ನೋಡಿ ಮುದ್ರೆ ಹಾಕುತ್ತಾರೆ. ಮುಂದೆ ಇಂಜಿನ್ ಬದಲಿಸಿದರೆ ಸಮಯದ ದಂಡ. ಉಪಗ್ರಹದ ಮೂಲಕ ಜಾಡು ಹಿಡಿಯುವ ಯಂತ್ರ, ಹಿಂದಿನಿಂದ ಬರುವ ವಾಹನದ ಎಚ್ಚರಿಕೆ ಕೊಡುವ ಅಲಾರಂ, 2021ರಿಂದ ಕಡ್ಡಾಯವಾದ ಏರ್‌ಬ್ಯಾಗ್ ಜಾಕೆಟ್ ಎಲ್ಲವೂ ಕೆಲಸ ಮಾಡಲೇಬೇಕು.

ದಾರಿ ಹುಡುಕುವುದಕ್ಕೆ ನಮ್ಮ ಫೋನಿನಂಥ ನಕ್ಷೆ ಇಲ್ಲ. ಇರುವುದು ರೋಡ್‌ಬುಕ್ ಮಾತ್ರ: ಎಷ್ಟು ಕಿ.ಮೀ.ಗೆ ಯಾವ ದಿಕ್ಕಿಗೆ ತಿರುಗಬೇಕು, ಎಲ್ಲಿ ಹಳ್ಳ, ಎಲ್ಲಿ ಅಪಾಯ ಎಂದು ಹೇಳುವ ಗುರುತುಗಳು. ಹಿಂದೆ ಇದನ್ನು ಮುನ್ನಾದಿನ ಸಂಜೆ ಕೊಡುತ್ತಿದ್ದರು. ಸವಾರರು ತಲೆಗೆ ಟಾರ್ಚ್ ಕಟ್ಟಿಕೊಂಡು, ಕಾಗದದ ಸುರುಳಿಗೆ ಬಣ್ಣ ಹಚ್ಚುತ್ತ ಕೂರುತ್ತಿದ್ದರು. ಹಣವಿದ್ದ ತಂಡಗಳು ಉಪಗ್ರಹ ಚಿತ್ರ ಇಟ್ಟುಕೊಂಡು ಅಡ್ಡದಾರಿ ಹುಡುಕಲು ಬೇರೆ ಜನರನ್ನೇ ನೇಮಿಸಿಕೊಂಡವು. ಅದನ್ನು ತಡೆಯಲು ಈಗ ಓಟಕ್ಕೆ ಸ್ವಲ್ಪ ಮೊದಲು ಮಾತ್ರ ರೋಡ್‌ಬುಕ್ ಕೈಸೇರುತ್ತದೆ. ಕಾಗದದ ಜಾಗಕ್ಕೆ ಎಲೆಕ್ಟ್ರಾನಿಕ್ ಪರದೆ ಬಂದಿದೆ. ಬಡ ಸವಾರನಿಗೆ ಇದರಿಂದ ನ್ಯಾಯ ಸಿಕ್ಕಿತು, ಜೊತೆಗೆ ಎರಡು ಗಂಟೆ ನಿದ್ದೆಯೂ.

ಬಿಡಾರದ ಒಂದು ಮೂಲೆಯಲ್ಲಿ ಮೆಕ್ಯಾನಿಕ್‌ಗಳೇ ಇಲ್ಲದವರ ಸಾಲು ಇದೆ. ಹಿಂದೆ ‘ಮಾಲ್ ಮೋಟೊ’ ಎನ್ನುತ್ತಿದ್ದ ಈ ವಿಭಾಗದವರಿಗೆ ಒಂದು ಪೆಟ್ಟಿಗೆ, ಒಂದು ಚೀಲ, ಒಂದು ಡೇರೆ, ಒಂದಿಷ್ಟು ಚಕ್ರ-ಟೈರು, ಆಸ್ತಿ ಇಷ್ಟೇ. ದಿನವಿಡೀ ಬೈಕ್ ಓಡಿಸಿ ಬಂದು, ರಾತ್ರಿ ತಾವೇ ಸ್ಪ್ಯಾನರ್ ಹಿಡಿಯಬೇಕು. ಡಕಾರ್‌ನ ನಿಜವಾದ ವೀರರು ಇವರೇ.

ಈ ಬಿಡಾರದಲ್ಲಿ ಕರ್ನಾಟಕದ ಹೆಜ್ಜೆಗುರುತೂ ಇದೆ. ಡಕಾರ್ ಪೂರೈಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. 2015ರಲ್ಲಿ, ದಕ್ಷಿಣ ಅಮೆರಿಕದಲ್ಲಿ, 36ನೇ ಸ್ಥಾನ. ಉಡುಪಿಯ ಕೆ.ಪಿ. ಅರವಿಂದ್ ಎರಡು ಸಲ ಅರ್ಧಕ್ಕೇ ಹಿಂದಿರುಗಬೇಕಾಗಿ ಬಂದರೂ ಬಿಡದೆ, 2019ರಲ್ಲಿ ಟಿವಿಎಸ್ ಬೆಂಬಲದ ತಂಡದಿಂದ 37ನೆಯವರಾಗಿ ಗುರಿ ಮುಟ್ಟಿದರು. ಸಂತೋಷ್ ಸೇರಿದ್ದ ಹೀರೊ ತಂಡ 2020ರ ಜನವರಿಯಲ್ಲಿ ತನ್ನ ಪೋರ್ಚುಗೀಸ್ ಸವಾರ ಪೌಲೊ ಗೊನ್ಸಾಲ್ವೆಸ್ ಅವರನ್ನು ಇದೇ ಸೌದಿಯ ಮರಳಿನಲ್ಲಿ ಕಳೆದುಕೊಂಡಿತು. ಅದಕ್ಕೆ ಕೆಲವೇ ದಿನಗಳ ಮೊದಲು, ಇಂಜಿನ್ ಕೆಟ್ಟಾಗ ಮರುಭೂಮಿಯಲ್ಲೇ ಅದನ್ನು ಬದಲಿಸಿ ಓಟ ಮುಂದುವರಿಸಿದ್ದ ಛಲಗಾರ ಆತ. ಮರುವರ್ಷ ರಿಯಾದ್ ಕಡೆಗಿನ ಹಂತದಲ್ಲಿ ಸಂತೋಷ್ ಅವರೇ ಬಿದ್ದು ತಲೆಗೆ ತೀವ್ರ ಪೆಟ್ಟಾಗಿ ಆಸ್ಪತ್ರೆ ಸೇರಿದರು. ಚೇತರಿಸಿಕೊಂಡು ಊರಿಗೆ ಮರಳಿದರು. ಅದೇ ತಂಡದ ರಾಸ್ ಬ್ರಾಂಚ್ 2024ರಲ್ಲಿ ಎರಡನೆಯವರಾಗಿ ಓಟ ಮುಗಿಸಿದ್ದು ಯಾನ್ಬುವಿನಲ್ಲಿ. ಭಾರತದ ತಂಡವೊಂದು ಈ ಕಡಲ ದಡದಲ್ಲಿ ಸಂಭ್ರಮಿಸಿದ ಆ ದಿನಕ್ಕೆ ಹಿಂದಿನ ಅಷ್ಟೂ ನೋವಿನ ಬೆಲೆ ಸೇರಿದೆ.

ಸೌದಿಯಲ್ಲಿ ದುಡಿಯುತ್ತಿರುವ ಮಂಗಳೂರು, ಉಡುಪಿ, ಭಟ್ಕಳದ ಕಡೆಯ ನೂರಾರು ಕುಟುಂಬಗಳಿಗೆ ಇದು ರಜೆಯಲ್ಲಿ ಹೋಗಿಬರಬಹುದಾದ ದೂರ. ಯಾನ್ಬುವಿಗೆ ವಿಮಾನ ನಿಲ್ದಾಣವಿದೆ, ಜಿದ್ದಾದಿಂದ ಒಳ್ಳೆಯ ಹೆದ್ದಾರಿಯೂ ಇದೆ. ಓಟ ಪ್ರತಿ ವರ್ಷ ಇಲ್ಲಿಂದಲೇ ಹೊರಡುವುದಿಲ್ಲ. ಆ ವರ್ಷದ ಮಾರ್ಗ ನೋಡಿಕೊಂಡು ಹೊರಡಬೇಕು. ಜನವರಿಯ ಮರುಭೂಮಿಯಲ್ಲಿ ರಾತ್ರಿ ಚಳಿ ಜೋರು, ಸ್ವೆಟರ್ ಮರೆಯಬೇಡಿ. ಬಿವೊವಾಕ್‌ನ ಒಳಗೆ ಪಾಸ್ ಇದ್ದವರಿಗಷ್ಟೇ ಪ್ರವೇಶ, ಆದರೆ ಓಟ ನೋಡಲು ಪ್ರೇಕ್ಷಕರಿಗೆಂದೇ ಗುರುತು ಮಾಡಿದ ಜಾಗಗಳಿರುತ್ತವೆ. ಅಲ್ಲೇ ನಿಲ್ಲಿ. ಒಳ್ಳೆಯ ಫೋಟೊ ಸಿಗುತ್ತದೆಂದು ಮರಳುದಿಬ್ಬದ ಆಚೆ ಮಗ್ಗುಲಿಗೆ ಇಳಿಯಬೇಡಿ. ನೆತ್ತಿ ದಾಟುವ ತನಕ ಅಲ್ಲಿ ನಿಂತವರು ಸವಾರನ ಕಣ್ಣಿಗೆ ಬೀಳುವುದಿಲ್ಲ.