ಪೆಸ್ಟಾಲೊಜಿ ಶಾಲೆ, ಬ್ಯೂನಸ್ ಐರಿಸ್

ಪೆಸ್ಟಾಲೊಜಿ ಶಾಲೆಯು ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್ ನಗರದ ಬೆಲ್ಗ್ರಾನೊ ಬಡಾವಣೆಯಲ್ಲಿರುವ ಜರ್ಮನ್ ಭಾಷಾ ಶಾಲೆಯಾಗಿದೆ. ಇದು 1934ರಲ್ಲಿ ಸ್ಥಾಪನೆಯಾಯಿತು. ಜರ್ಮನಿಯಲ್ಲಿ ನಾಜಿ ಪಕ್ಷವು ಅಧಿಕಾರಕ್ಕೆ ಬಂದ ಮರುವರ್ಷವೇ, ಆ ಪಕ್ಷದ ಪ್ರಭಾವಕ್ಕೆ ಒಳಗಾಗದೆ ಮಕ್ಕಳಿಗೆ ಜರ್ಮನ್ ಭಾಷೆ ಮತ್ತು ಸಾಹಿತ್ಯವನ್ನು ಕಲಿಸುವ ಉದ್ದೇಶದಿಂದ ಇದನ್ನು ತೆರೆಯಲಾಯಿತು. ಸ್ವಿಟ್ಜರ್ಲೆಂಡಿನ ಶಿಕ್ಷಣತಜ್ಞ ಯೋಹಾನ್ ಹೈನ್ರಿಕ್ ಪೆಸ್ಟಾಲೊಜಿಯ (1746–1827) ಹೆಸರನ್ನು ಶಾಲೆಗೆ ಇಡಲಾಗಿದೆ.

ಹಿನ್ನೆಲೆ

19ನೆಯ ಶತಮಾನದ ಉತ್ತರಾರ್ಧದಿಂದ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಮತ್ತು ರಷ್ಯಾದಿಂದ ಜರ್ಮನ್ ಮಾತನಾಡುವ ಜನರು ದೊಡ್ಡ ಸಂಖ್ಯೆಯಲ್ಲಿ ಅರ್ಜೆಂಟೀನಾಕ್ಕೆ ವಲಸೆ ಬಂದರು. ತಮ್ಮ ಮಕ್ಕಳು ಮಾತೃಭಾಷೆಯನ್ನು ಮರೆಯಬಾರದೆಂದು ಅವರು ಸಂಘಗಳನ್ನು ಕಟ್ಟಿಕೊಂಡು ಶಾಲೆಗಳನ್ನು ನಡೆಸುತ್ತಿದ್ದರು. ಈ ಶಾಲೆಗಳಲ್ಲಿ ಹಲವಕ್ಕೆ ಜರ್ಮನ್ ಸರ್ಕಾರದ ಧನಸಹಾಯವೂ ಅಲ್ಲಿಂದ ಕಳುಹಿಸಲ್ಪಟ್ಟ ಶಿಕ್ಷಕರ ಸೇವೆಯೂ ದೊರೆಯುತ್ತಿದ್ದವು.

1933ರ ಜನವರಿಯಲ್ಲಿ ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದ ಮೇಲೆ ಈ ನೆರವೇ ನಿಯಂತ್ರಣದ ಸಾಧನವಾಯಿತು. ಅನೇಕ ಶಾಲೆಗಳಲ್ಲಿ ನಾಜಿ ವಂದನೆ, ಗೀತೆ ಹಾಗೂ ಪಠ್ಯಗಳು ಬಳಕೆಗೆ ಬಂದವು. ಯಹೂದಿ ಕುಟುಂಬಗಳಿಗೂ ಪ್ರಜಾಪ್ರಭುತ್ವವಾದಿ ಪೋಷಕರಿಗೂ ತಮ್ಮ ಮಕ್ಕಳನ್ನು ಅಂತಹ ಶಾಲೆಗಳಿಗೆ ಕಳುಹಿಸುವುದು ಅಸಾಧ್ಯವೆನಿಸಿತು. ಆದರೆ ಅದಕ್ಕಾಗಿ ಜರ್ಮನ್ ಭಾಷೆಯನ್ನೇ ತ್ಯಜಿಸಲು ಅವರು ಸಿದ್ಧರಿರಲಿಲ್ಲ.

ಸ್ಥಾಪನೆ

ಶಾಲೆಯ ಸ್ಥಾಪನೆಗೆ ಮುಂದಾದವರು ಎರ್ನೆಸ್ಟೊ ಅಲೆಮಾನ್. ಸ್ವಿಸ್ ಮೂಲದ ಇವರ ಕುಟುಂಬವು 1889ರಿಂದ ಬ್ಯೂನಸ್ ಐರಿಸ್‌ನಲ್ಲಿ 'ಆರ್ಗೆಂಟೀನಿಷೆಸ್ ಟಾಗೆಬ್ಲಾಟ್' ಎಂಬ ಜರ್ಮನ್ ದಿನಪತ್ರಿಕೆಯನ್ನು ಹೊರತರುತ್ತಿತ್ತು. ಉದಾರವಾದಿ ನಿಲುವಿನ ಈ ಪತ್ರಿಕೆಯು ನಾಜಿ ಆಡಳಿತವನ್ನು ಆರಂಭದಿಂದಲೇ ಖಂಡಿಸಿತು. ಪರಿಣಾಮವಾಗಿ ಜರ್ಮನಿಯಲ್ಲಿ ಅದನ್ನು ನಿಷೇಧಿಸಲಾಯಿತು. ಅರ್ಜೆಂಟೀನಾದಲ್ಲಿದ್ದ ಜರ್ಮನ್ ಕಂಪನಿಗಳು ಅದಕ್ಕೆ ಜಾಹೀರಾತು ನೀಡುವುದನ್ನು ನಿಲ್ಲಿಸಿದವು. ಇಂತಹ ಒತ್ತಡದ ನಡುವೆಯೇ ಅಲೆಮಾನ್ ಮತ್ತು ಅವರ ಸಹಚಿಂತಕರು ಶಾಲೆಯನ್ನು ಕಟ್ಟಿದರು.

ಜರ್ಮನ್ ರಾಷ್ಟ್ರನಾಯಕರೊಬ್ಬರ ಬದಲು ಪೆಸ್ಟಾಲೊಜಿಯ ಹೆಸರನ್ನು ಆರಿಸಿಕೊಂಡದ್ದು ಅರ್ಥಪೂರ್ಣವಾಗಿತ್ತು. ಬುದ್ಧಿ, ಹೃದಯ ಮತ್ತು ಕೈಗಳು ಒಟ್ಟಾಗಿ ಬೆಳೆಯಬೇಕು, ಬಡವರ ಮಕ್ಕಳಿಗೂ ಶಿಕ್ಷಣ ದೊರೆಯಬೇಕು ಎಂಬುದು ಪೆಸ್ಟಾಲೊಜಿಯ ಪ್ರತಿಪಾದನೆಯಾಗಿತ್ತು. ಜನಾಂಗವನ್ನು ಆಧಾರವಾಗಿಟ್ಟುಕೊಂಡ ನಾಜಿ ಶಿಕ್ಷಣ ನೀತಿಗೆ ಇದು ನೇರ ವಿರುದ್ಧವಾದುದು.

ಶಿಕ್ಷಕರು

ಶಾಲೆಯ ಮೊದಲ ಮುಖ್ಯಸ್ಥರಾದ ಆಲ್ಫ್ರೆಡ್ ಡಾಂಗ್ ಅವರು ಜರ್ಮನಿಯನ್ನು ತೊರೆದು ಬಂದ ಸಮಾಜವಾದಿ ಪತ್ರಕರ್ತರು. ಅವರಂತೆಯೇ ದೇಶಭ್ರಷ್ಟರಾದ ಹಲವರು ಇಲ್ಲಿ ಬೋಧಕರಾದರು. ಜರ್ಮನ್ ಸಂಸತ್ತಿನಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಸದಸ್ಯರಾಗಿದ್ದ ಆಗಸ್ಟ್ ಸೀಮ್ಸೆನ್ 1936ರಲ್ಲಿ ಅರ್ಜೆಂಟೀನಾಕ್ಕೆ ಬಂದು ಶಿಕ್ಷಕರಾದರು. ನಾಜಿ ವಿರೋಧಿ ನಿರಾಶ್ರಿತರ ಪ್ರಮುಖ ಪತ್ರಿಕೆಯಾದ 'ದಸ್ ಆಂಡೆರೆ ಡಾಯ್ಚ್‌ಲಾಂಡ್' (ಇನ್ನೊಂದು ಜರ್ಮನಿ) ಇವರ ಸಂಪಾದಕತ್ವದಲ್ಲಿ ಪ್ರಕಟವಾಗುತ್ತಿತ್ತು. ಕ್ಲೆಮೆಂಟ್ ಮೊರೊ ಎಂಬ ಹೆಸರಿನಿಂದ ಪ್ರಸಿದ್ಧರಾದ ಕಲಾವಿದ ಕಾರ್ಲ್ ಮೆಫರ್ಟ್ ಚಿತ್ರಕಲೆಯನ್ನು ಕಲಿಸಿದರು. ಹಿಟ್ಲರನನ್ನು ಗೇಲಿ ಮಾಡಿದ ಇವರ ವ್ಯಂಗ್ಯಚಿತ್ರಗಳು ಅಲೆಮಾನರ ಪತ್ರಿಕೆಯಲ್ಲಿ ಅಚ್ಚಾದವು.

ನಾಜಿ ಆಡಳಿತದ ಅವಧಿಯಲ್ಲಿ ಹತ್ತಾರು ಸಾವಿರ ಯಹೂದಿ ನಿರಾಶ್ರಿತರು ಅರ್ಜೆಂಟೀನಾವನ್ನು ತಲುಪಿದರು. ತಾಯ್ನಾಡಿನ ಶಾಲೆಗಳಿಂದ ಹೊರದೂಡಲ್ಪಟ್ಟಿದ್ದ ಮಕ್ಕಳು ಇಲ್ಲಿ ಅದೇ ಭಾಷೆಯಲ್ಲಿ ಭಯವಿಲ್ಲದೆ ಕಲಿಯುವಂತಾಯಿತು. ಜೊತೆಗೆ ಹೊಸ ದೇಶದ ಭಾಷೆಯಾದ ಸ್ಪ್ಯಾನಿಷ್ ಕೂಡ ಅವರ ವ್ಯಾಸಂಗದ ಭಾಗವಾಗಿತ್ತು.

ಯುದ್ಧ ಮತ್ತು ನಂತರದ ಅವಧಿ

1938ರ ಏಪ್ರಿಲ್ 10ರಂದು ಬ್ಯೂನಸ್ ಐರಿಸ್‌ನ ಲೂನಾ ಪಾರ್ಕ್ ಕ್ರೀಡಾಂಗಣದಲ್ಲಿ ಬೃಹತ್ ನಾಜಿ ಸಭೆ ನಡೆಯಿತು. ಆ ಬಳಿಕ ವಿದೇಶಿ ಶಾಲೆಗಳು ಮತ್ತು ಸಂಘಗಳ ಮೇಲೆ ಅರ್ಜೆಂಟೀನಾ ಸರ್ಕಾರದ ನಿಗಾ ಬಿಗಿಯಾಯಿತು. 1945ರ ಮಾರ್ಚ್ 27ರಂದು ಅರ್ಜೆಂಟೀನಾ ಜರ್ಮನಿಯ ಮೇಲೆ ಯುದ್ಧ ಘೋಷಿಸಿತು. ಆಗ ಹಲವು ಜರ್ಮನ್ ಶಾಲೆಗಳ ಆಸ್ತಿಯನ್ನು ಸರ್ಕಾರ ವಶಪಡಿಸಿಕೊಂಡಿತು. ನಾಜಿ ವಿರೋಧದಿಂದಲೇ ಹುಟ್ಟಿದ ಪೆಸ್ಟಾಲೊಜಿ ಶಾಲೆ ತನ್ನ ಕಾರ್ಯವನ್ನು ಮುಂದುವರಿಸಿತು.

ಯುದ್ಧಾನಂತರದ ದಶಕಗಳಲ್ಲಿ ಪ್ರಜಾಸತ್ತಾತ್ಮಕ ಪಶ್ಚಿಮ ಜರ್ಮನಿಯೊಂದಿಗೆ ಶಾಲೆಯ ಸಂಬಂಧ ಬೆಳೆಯಿತು. ಇಂದು ಇದು ಜರ್ಮನ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಬೋಧಿಸುವ ದ್ವಿಭಾಷಾ ಶಾಲೆಯಾಗಿದೆ.

ಮಹತ್ವ

ವಿದೇಶಗಳಲ್ಲಿನ ಜರ್ಮನ್ ಶಾಲೆಗಳ ಇತಿಹಾಸದಲ್ಲಿ ಈ ಶಾಲೆಗೆ ವಿಶಿಷ್ಟ ಸ್ಥಾನವಿದೆ. ಒಂದು ಭಾಷೆಯು ಅದನ್ನಾಡುವ ದೇಶದ ಆಳರಸರ ಸ್ವತ್ತಲ್ಲ, ಆ ಆಳರಸರಿಂದ ಹೊರಹಾಕಲ್ಪಟ್ಟವರಿಗೂ ಅದರ ಮೇಲೆ ಸಮಾನ ಹಕ್ಕಿದೆ ಎಂಬುದನ್ನು ಇದು ತರಗತಿಯ ನಿತ್ಯದ ಪಾಠದ ಮೂಲಕವೇ ತೋರಿಸಿಕೊಟ್ಟಿತು.